ಕುತ್ತಿಗೆ ಲಟಕ್ ಅಂದರೆ ಫಿಟ್ಸ್ ನಿಲ್ಲುತ್ತದೆಯೇ?

ಗಂಗಾವತಿಯಲ್ಲಿ ನನ್ನದೊಂದು ಚಿಕ್ಕ ಮೆಡಿಕಲ್ ಶಾಪ್ ಇದೆ. ಬಿ.ಪಿ., ಶುಗರ್‌ನವರನ್ನು ಬಿಟ್ಟರೆ ತಿಂಗಳು ತಪ್ಪದೆ ಬರುವವರು ಫಿಟ್ಸ್ ಇರುವವರ ಮನೆಯವರು. ಪ್ಲಾಸ್ಟಿಕ್ ಚೀಲದಿಂದ ಮಡಚಿ ಮಡಚಿ ಹರಿದ ಚೀಟಿ ತೆಗೆಯುತ್ತಾರೆ. ಪಕ್ಕದಲ್ಲಿ ಪರಿಚಯದವರು ಯಾರಾದರೂ ನಿಂತಿದ್ದಾರಾ ಅಂತ ಒಮ್ಮೆ ನೋಡುತ್ತಾರೆ. ಆಮೇಲೆ ಮೆಲ್ಲಗೆ, ‘ಅದೇ ಗುಳಿಗಿ’ ಅನ್ನುತ್ತಾರೆ.

ಹೋದ ವರ್ಷ ಕಾರಟಗಿ ಕಡೆಯ ಒಬ್ಬ ತಾಯಿ ಎರಡು ತಿಂಗಳು ಬರಲಿಲ್ಲ. ಮಗನಿಗೆ ಹದಿನಾರು. ಮೂರು ವರ್ಷದಿಂದ ವಾಲ್‌ಪ್ರೊಯೇಟ್ ಗುಳಿಗೆ ನುಂಗುತ್ತಿದ್ದ, ಮೂರು ವರ್ಷದಿಂದ ಅದೇ ಚೀಟಿ. ಮೂರನೇ ತಿಂಗಳು ಬಂದವರು ಕೇಳಿದ್ದು ಬರೀ ನೋವಿನ ಮುಲಾಮು.

‘ಅಕ್ಕಾ, ಹುಡುಗನ ಗುಳಿಗಿ?’

‘ಇನ್ನ ಬ್ಯಾಡಣ್ಣ. ಕುತ್ತಿಗಿ ಎಲುಬು ಸರದಿತ್ತಂತ. ಕುಂದರಿಸಿದ್ರು. ಮೂರು ಸಲ ಮಾಡಿಸೀವಿ. ಆವಾಗಿಂದ ಒಂದ್ ಸಲಾನೂ ಬಂದಿಲ್ಲ.’

ಫೋನ್ ತೆಗೆದು ವಿಡಿಯೊ ತೋರಿಸಿದರು. ಎತ್ತರದ ಬೆಂಚಿನ ಮೇಲೆ ಒಬ್ಬ ಹುಡುಗಿ ಅಂಗಾತ ಮಲಗಿದ್ದಾಳೆ. ಕಪ್ಪು ಟೀ ಶರ್ಟಿನವನೊಬ್ಬ ಅವಳ ಗದ್ದಕ್ಕೆ ಒಂದು ಕೈ, ಹಿಂದಲೆಗೆ ಒಂದು ಕೈ ಕೊಟ್ಟಿದ್ದಾನೆ. ಊರು ಯಾವುದು, ಏನು ಓದ್ತೀಯ ಅಂತ ಮಾತಾಡಿಸುತ್ತಲೇ ಒಮ್ಮೆಗೇ ತಿರುವುತ್ತಾನೆ. ಲಟಕ್! ಆ ಸದ್ದು ಚೆನ್ನಾಗಿ ಕೇಳಲಿ ಅಂತ ಅವಳ ಕಾಲರ್‌ಗೆ ಮೈಕ್ ಬೇರೆ ಸಿಕ್ಕಿಸಿದ್ದಾರೆ. ಕೆಳಗೆ ಅಕ್ಷರ ಓಡುತ್ತದೆ: ಮೈಗ್ರೇನ್, ತಲೆಸುತ್ತು, ಫಿಟ್ಸ್, ಗುಳಿಗೆ ಇಲ್ಲದೆ ಪರಿಹಾರ. ಈ ತಾಯಿ ಮಗನನ್ನು ಕರೆದುಕೊಂಡು ಹೋಗಿದ್ದು ವಿಡಿಯೊದವನ ಹತ್ತಿರ ಅಲ್ಲ. ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ಕ್ಯಾಂಪ್ ಹಾಕುವ ಇನ್ನೊಬ್ಬರ ಹತ್ತಿರ. ಕೆಲಸ ಮಾತ್ರ ಅದೇ.

ನಾನು ಡಾಕ್ಟರ್ ಅಲ್ಲ, ಡಿ.ಫಾರ್ಮಾ ಓದಿದವನು. ಆದರೆ ಯಾರು ಗುಳಿಗೆ ಬಿಟ್ಟರು ಅನ್ನುವುದು ಡಾಕ್ಟರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅದಕ್ಕೇ ಈ ಕುತ್ತಿಗೆ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ ಅನ್ನಿಸಿತು.

ಹೀಗೆ ಬೆನ್ನು, ಕುತ್ತಿಗೆಯ ಮಣಿಗಳನ್ನು ಕೈಯಿಂದ ಒತ್ತಿ ತಿರುವುವ ಪದ್ಧತಿಗೆ ಕೈರೋಪ್ರಾಕ್ಟಿಕ್ ಅಂತ ಹೆಸರು. ಆ ಪದದಲ್ಲೇ ಕೈ ಇದೆ. ಗ್ರೀಕ್ ಭಾಷೆಯಲ್ಲಿ ‘ಕೈರ್’ ಅಂದರೂ ಕೈಯೇ. ಕನ್ನಡದ ಕೈಗೂ ಅದಕ್ಕೂ ನಂಟೇನೂ ಇಲ್ಲ, ಬರೀ ಕಾಕತಾಳೀಯ. ಈ ಕಾಕತಾಳೀಯವನ್ನು ನೆನಪಿಟ್ಟುಕೊಳ್ಳಿ, ಕಾಗೆ ಮುಂದೆ ಮತ್ತೆ ಬರುತ್ತದೆ.

1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ ಡಿ.ಡಿ. ಪಾಮರ್ ಎಂಬಾತ ಇದನ್ನು ಶುರುಮಾಡಿದ. ಅದಕ್ಕೂ ಮೊದಲು ಅವನು ಕಾಂತಶಕ್ತಿಯಿಂದ ರೋಗ ವಾಸಿ ಮಾಡುತ್ತೇನೆ ಅನ್ನುತ್ತಿದ್ದ. ಕಟ್ಟಡ ಗುಡಿಸಿ ಒರೆಸುವ ಕೆಲಸದ ಹಾರ್ವೆ ಲಿಲ್ಲಾರ್ಡ್ ಎಂಬುವನಿಗೆ ಕಿವಿ ಕೇಳುತ್ತಿರಲಿಲ್ಲ. ಬೆನ್ನಿನ ಒಂದು ಮಣಿಯನ್ನು ಒತ್ತಿ ಕೂರಿಸಿದೆ, ಅವನಿಗೆ ಕಿವಿ ಕೇಳಿತು ಅಂದ ಪಾಮರ್. ಅಷ್ಟರ ಮೇಲೆ ನೂರಕ್ಕೆ 95 ರೋಗಗಳಿಗೆ ಸರಿದ ಮಣಿ ಎಲುಬೇ ಕಾರಣ ಅನ್ನುವವರೆಗೂ ಹೋದ. ತಮಾಷೆ ಏನು ಗೊತ್ತಾ? ಕಿವಿಯ ನರ ಬೆನ್ನಿಗೆ ಇಳಿಯುವುದೇ ಇಲ್ಲ. ಅದು ತಲೆಬುರುಡೆಯ ಒಳಗೇ ಕಿವಿಯಿಂದ ಮಿದುಳಿಗೆ ಹೋಗುತ್ತದೆ. ಅಂದರೆ ಈ ಪದ್ಧತಿಯ ಮೊದಲ ಕತೆಯಲ್ಲೇ ತಂತಿ ಒಂದು ಕಡೆ, ಸ್ವಿಚ್ಚು ಇನ್ನೊಂದು ಕಡೆ.

ಅವನ ಮಗ ಬಿ.ಜೆ. ಪಾಮರ್ 1930ರ ದಶಕದ ಹೊತ್ತಿಗೆ ಇಡೀ ಬೆನ್ನನ್ನು ಬಿಟ್ಟು ಕುತ್ತಿಗೆಯ ಮೇಲ್ತುದಿಗೆ ಬಂದ. ಕುತ್ತಿಗೆಯಲ್ಲಿ ಏಳು ಮಣಿಗಳಿವೆ. ತಲೆಯನ್ನು ಹೊತ್ತಿರುವ ಮೊದಲನೆಯದಕ್ಕೆ ಅಟ್ಲಾಸ್ ಅಂತ ಹೆಸರು. ಆಕಾಶ ಹೊತ್ತು ನಿಂತ ಗ್ರೀಕರ ದೈತ್ಯ ಅವನು, ನಮ್ಮಲ್ಲಿ ಭೂಮಿ ಹೊತ್ತ ಆದಿಶೇಷನ ಹಾಗೆ. ಈ ಮಣಿ ಕೂದಲೆಳೆಯಷ್ಟು ಜರುಗಿದರೂ ಮಿದುಳಿನ ಬುಡ ಅದುಮುತ್ತದೆ, ರಕ್ತ ಸರಿಯಾಗಿ ಹರಿಯುವುದಿಲ್ಲ, ಅದರಿಂದ ಫಿಟ್ಸ್ ಬರುತ್ತದೆ. ಇವತ್ತಿನ ವಿಡಿಯೊಗಳ ವಾದ ಇದೇ. ‘ಹೆರಿಗೆ ಹೊತ್ತಿನಲ್ಲಿ ಕೂಸಿನ ಕುತ್ತಿಗೆ ಎಳೆದಿರಬೇಕು’ ಅನ್ನುವ ಮಾತನ್ನೂ ಸೇರಿಸುತ್ತಾರೆ. ಆ ಮಾತು ತಾಯಂದಿರಿಗೆ ಸೀದಾ ಎದೆಗೆ ತಾಗುತ್ತದೆ.

ಕೇಳಲು ಸರಿಯಾಗೇ ಇದೆ. ಪೈಪ್ ಕಟ್ಟಿದೆ, ಬಿಡಿಸಿದೆವು, ನೀರು ಬಂತು. ಕಾಲುವೆ ನೀರಿನ ಸೀಮೆಯವರಿಗೆ ಇದಕ್ಕಿಂತ ಚೆನ್ನಾಗಿ ತಿಳಿಯುವ ಮಾತು ಬೇಕಾ?

ಆದರೆ ಫಿಟ್ಸ್ ಅನ್ನುವುದು ಪೈಪಿನ ಕತೆ ಅಲ್ಲ, ಕರೆಂಟಿನ ಕತೆ. ಮಿದುಳಿನ ಕೋಟಿಗಟ್ಟಲೆ ನರಕೋಶಗಳು ಒಂದಕ್ಕೊಂದು ಸಣ್ಣ ಸಣ್ಣ ವಿದ್ಯುತ್ ಸಂಕೇತ ಕಳಿಸುತ್ತಾ ಇರುತ್ತವೆ. ಎಲ್ಲೋ ಒಂದು ಗುಂಪು ತಾಳ ತಪ್ಪಿ ಒಟ್ಟಿಗೇ ಕಿಡಿ ಹಾರಿಸಿದರೆ ಅದು ಫಿಟ್ಸ್. ಬಹಳ ಮಟ್ಟಿಗೆ ಇದು ಹುಟ್ಟುವುದು ಮಿದುಳಿನ ಹೊರಪದರದಲ್ಲಿ. ತಲೆಗೆ ಬಟನ್ ಅಂಟಿಸಿ ತೆಗೆಯುವ ಇ.ಇ.ಜಿ.ಯಲ್ಲಿ ಎಷ್ಟೋ ಸಲ ಈ ಕಿಡಿ ಕಾಣುತ್ತದೆ. ಅಟ್ಲಾಸ್ ನಿಜಕ್ಕೂ ಜರುಗಿ ಮಿದುಳಿನ ಬುಡವನ್ನೋ ಬೆನ್ನುಹುರಿಯನ್ನೋ ಒತ್ತುವ ಕಾಯಿಲೆಗಳೂ ಇವೆ. ಅವರಿಗೆ ಕೈಕಾಲು ಸೋಲುತ್ತದೆ, ನಡಿಗೆ ತಪ್ಪುತ್ತದೆ, ಉಸಿರಿಗೆ ತೊಂದರೆ ಆಗುತ್ತದೆ. ಅಂಥವರಿಗೆ ಬೇಕಾದ್ದು ಆಪರೇಷನ್ ಥಿಯೇಟರು, ಲಾಡ್ಜಿನ ಮಂಚ ಅಲ್ಲ.

ಇನ್ನು ‘ಲಟಕ್’. ನಾವು ಬೆರಳಿನ ನಟಿಗೆ ಮುರಿಯುತ್ತೇವಲ್ಲ, ನಮ್ಮ ಕಡೆ ಲಟಿಗೆ ಅಂತಲೂ ಅನ್ನುತ್ತಾರೆ, ಅದೇ ಸದ್ದು ಇದು. ಕೀಲಿನ ಒಳಗೆ ಅಂಟಿನಂಥ ದ್ರವ ಇರುತ್ತದೆ. ಕೀಲನ್ನು ಒಮ್ಮೆಗೇ ಎಳೆದರೆ ಅದರಲ್ಲಿ ಗಾಳಿಗುಳ್ಳೆಯಂಥ ಟೊಳ್ಳು ಆಗುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳನ್ನು ಎಂ.ಆರ್.ಐ. ಯಂತ್ರದ ಒಳಗಿಟ್ಟು ಎಳೆದು ಇದನ್ನು ವಿಡಿಯೊದಲ್ಲಿ ಹಿಡಿದರು. ಎಲುಬು ‘ಕೂತ’ ಸದ್ದಲ್ಲ ಅದು. ಮೈಕ್ ಸಿಕ್ಕಿಸಿ ಕೇಳಿಸುತ್ತಿರುವುದು ಒಂದು ಗುಳ್ಳೆಯ ಸದ್ದನ್ನು.

ಬ್ರಿಟನ್ನಿನಲ್ಲಿ ಕೈರೋಪ್ರಾಕ್ಟರುಗಳನ್ನು ನೋಂದಾಯಿಸುವ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ ಅಂತ ಇದೆ. ಮಣಿ ಜರುಗಿ ರೋಗ ಬರುತ್ತದೆ ಅನ್ನುವುದು ಹಳೆಯ ಕಾಲದ ಕಲ್ಪನೆ, ರೋಗಕ್ಕೆ ಅದೇ ಕಾರಣ ಎನ್ನಲು ಸಂಶೋಧನೆಯ ಆಧಾರ ಇಲ್ಲ ಅಂತ 2010ರಲ್ಲಿ ಆ ಕೌನ್ಸಿಲ್ಲೇ ಹೇಳಿತು. ಹಾಗಂತ ಕೈರೋಪ್ರಾಕ್ಟಿಕ್ ಪೂರ್ತಿ ಬೋಗಸ್ ಅಂತ ನಾನು ಹೇಳುತ್ತಿಲ್ಲ. ಸೊಂಟ ನೋವಿಗೆ ಇಂಥ ಕೈಚಿಕಿತ್ಸೆಯನ್ನೂ ಒಂದು ದಾರಿಯಾಗಿ ನೋಡಬಹುದು ಅಂತ ಅಮೆರಿಕದ ವೈದ್ಯರ ಸಂಘವೊಂದರ 2017ರ ಮಾರ್ಗಸೂಚಿಯಲ್ಲಿದೆ. ಸೊಂಟದ ಮಾತು ಸೊಂಟಕ್ಕೆ. ಫಿಟ್ಸ್ ಮಾತು ಬೇರೆ.

ಕಾಗೆ ಕೂತಿತು, ಟೊಂಗೆ ಮುರಿಯಿತು

ಹಾಗಾದರೆ ಆ ತಾಯಿ ಸುಳ್ಳು ಹೇಳಿದರಾ? ಇಲ್ಲ. ಹುಡುಗನಿಗೆ ಎರಡು ತಿಂಗಳು ಫಿಟ್ಸ್ ಬರಲಿಲ್ಲ ಅನ್ನುವುದು ನಿಜ. ಎಲ್ಲ ಗೊಂದಲ ಹುಟ್ಟುವುದು ಇಂಥ ನಿಜದಿಂದಲೇ.

ಲೆಕ್ಕ ನೋಡಿ. ಆ ಹುಡುಗನಿಗೆ ವರ್ಷಕ್ಕೆ ಎರಡೋ ಮೂರೋ ಸಲ ಬರುತ್ತಿತ್ತು. ಮೂರು ಅಂತಲೇ ಇಟ್ಟುಕೊಳ್ಳಿ. ಹೊತ್ತುಗೊತ್ತಿಲ್ಲದೆ ಬರುವ ಮೂರು ಫಿಟ್ಸ್. ಏನೂ ಮಾಡದೆ ಸುಮ್ನೆ ಕೂತರೂ ಮುಂದಿನ ಎರಡು ತಿಂಗಳು ಬಾರದೇ ಇರುವ ಸಾಧ್ಯತೆ ನೂರಕ್ಕೆ 60. ಆ ಎರಡು ತಿಂಗಳಲ್ಲಿ ತಾಯತ ಕಟ್ಟಿಸಿದವರಿಗೆ ತಾಯತದ ಮೇಲೆ, ಕುತ್ತಿಗೆ ತಿರುವಿಸಿದವರಿಗೆ ತಿರುವಿದವನ ಮೇಲೆ ನಂಬಿಕೆ ಬರುತ್ತದೆ. ಅದರಲ್ಲೂ ಜನ ಯಾವಾಗ ಹೋಗುತ್ತಾರೆ ಹೇಳಿ? ಫಿಟ್ಸ್ ಜಾಸ್ತಿ ಆದಾಗ, ಹೆದರಿದಾಗ. ಹೆಚ್ಚಾದದ್ದು ಸಾಮಾನ್ಯವಾಗಿ ತಾನಾಗೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಕುತ್ತಿಗೆ ಮೇಲೆ ಯಾರದೋ ಕೈ ಇರುತ್ತದೆ, ಅಷ್ಟೇ.

ಇನ್ನೊಂದು ಇದೆ. ಕಾರಣ ಗೊತ್ತಿಲ್ಲದೆ ಮೊದಲ ಸಲ ಫಿಟ್ಸ್ ಬಂದ ದೊಡ್ಡವರೆಲ್ಲರಿಗೂ ಎರಡನೇ ಸಲ ಬಂದೇ ಬರುತ್ತದೆ ಅಂತೇನಿಲ್ಲ. ಮೊದಲ ಎರಡು ವರ್ಷದಲ್ಲಿ ಮತ್ತೆ ಬರುವ ಸಾಧ್ಯತೆ ನೂರಕ್ಕೆ 21ರಿಂದ 45 ಅನ್ನುತ್ತದೆ ಅಮೆರಿಕದ ನರರೋಗ ತಜ್ಞರ ಅಕಾಡೆಮಿಯ 2015ರ ಮಾರ್ಗಸೂಚಿ. ಅಂದರೆ ಅರ್ಧಕ್ಕಿಂತ ಹೆಚ್ಚು ಜನ ಆ ಎರಡು ವರ್ಷದಲ್ಲಿ ಏನೂ ಮಾಡದೆಯೂ ‘ವಾಸಿ’ ಆದಂತೆ ಕಾಣುತ್ತಾರೆ. ಮಕ್ಕಳ ಜ್ವರದ ಫಿಟ್ಸ್ ಆರು ತಿಂಗಳಿಂದ ಐದು ವರ್ಷದ ಒಳಗೆ ಬರುತ್ತದೆ, ಹೆಚ್ಚಿನವರಿಗೆ ದೊಡ್ಡವರಾಗುತ್ತಾ ನಿಂತುಹೋಗುತ್ತದೆ. ನಿದ್ದೆಯಲ್ಲಿ ಬಾಯಿ ಒಂದು ಕಡೆ ಸೊಟ್ಟಗಾಗಿ ಜೊಲ್ಲು ಸುರಿಯುವ ಒಂದು ಬಗೆಯ ಬಾಲ್ಯದ ಫಿಟ್ಸ್ ಹದಿನಾರರ ಹೊತ್ತಿಗೆ ಬಹುತೇಕ ಎಲ್ಲರಿಗೂ ಹೋಗಿಬಿಡುತ್ತದೆ. ಎಂಟನೇ ವರ್ಷಕ್ಕೆ ಶುರುವಾದದ್ದು, ಹದಿನಾಲ್ಕಕ್ಕೆ ಕುತ್ತಿಗೆ ಮಾಡಿಸಿದ್ದು, ಹದಿನೈದಕ್ಕೆ ನಿಂತದ್ದು. ಹೆಸರು ಯಾರಿಗೆ?

ಬಿದ್ದದ್ದೆಲ್ಲ ಫಿಟ್ಸೂ ಅಲ್ಲ. ಬೇಸಿಗೆಯಲ್ಲಿ ಸಾಲಿನಲ್ಲಿ ನಿಂತು ತಲೆಸುತ್ತಿ ಬಿದ್ದವರೂ ಎರಡು ಸಲ ಕೈಕಾಲು ಜಾಡಿಸಬಹುದು. ಮನಸ್ಸಿನ ಒತ್ತಡದಿಂದ ಬರುವ, ನೋಡಲು ಥೇಟ್ ಫಿಟ್ಸ್ ಹಾಗೇ ಇರುವ ಇನ್ನೊಂದು ಬಗೆ ಇದೆ. ಅದು ನಾಟಕ ಅಲ್ಲ, ಅವರಿಗೆ ಅದು ನಿಜವಾದ ಕಷ್ಟವೇ. ಆದರೆ ಮಿದುಳಿನ ಕರೆಂಟಿನ ತೊಂದರೆ ಅಲ್ಲ. ದೊಡ್ಡ ಎಪಿಲೆಪ್ಸಿ (ಫಿಟ್ಸ್ ಕಾಯಿಲೆ) ಸೆಂಟರುಗಳಿಗೆ ಗುಳಿಗೆ ನಾಟುತ್ತಿಲ್ಲ ಅಂತ ಬರುವವರಲ್ಲಿ ನೂರಕ್ಕೆ 20-30 ಜನ ಇಂಥವರು ಸಿಗುತ್ತಾರೆ. ಇವರಿಗೆ ಯಾರಾದರೂ ಅರ್ಧ ಗಂಟೆ ಕೂತು ಮಾತಾಡಿಸಿ, ಮೈಮುಟ್ಟಿ, ‘ನಿನ್ನ ತೊಂದರೆ ಸಿಕ್ಕಿತು, ಸರಿ ಮಾಡಿದೆ’ ಅಂದರೆ ನಿಜಕ್ಕೂ ಕಡಿಮೆ ಆಗಬಹುದು. ಕುತ್ತಿಗೆಯ ವಿಡಿಯೊಗಳಲ್ಲಿ ಕಣ್ಣೀರು ಹಾಕುವವರಲ್ಲಿ ಕೆಲವರು ಇವರೇ ಇರಬೇಕು ಅಂತ ನನ್ನ ಅನುಮಾನ.

ಕೈರೋಪ್ರಾಕ್ಟಿಕ್ ಪರವಾದವರು ಮುಂದಿಡುವ ದಾಖಲೆಯನ್ನೂ ನೋಡೋಣ. 2001ರಲ್ಲಿ ಒಂದು ವಿಮರ್ಶೆ ಬಂತು. ಫಿಟ್ಸ್ ಇದ್ದ, ಬೆನ್ನು ಕುತ್ತಿಗೆ ಚಿಕಿತ್ಸೆ ಪಡೆದ 17 ಮಕ್ಕಳ ವರದಿಗಳನ್ನು ಅದರಲ್ಲಿ ಒಟ್ಟು ಹಾಕಿದ್ದರು. ಗುಣ ಕಂಡಿತು ಅಂತಲೇ ಬರೆದಿದೆ. ಆದರೆ ಹದಿನೇಳು ಮಕ್ಕಳೂ ಬಿಡಿ ಬಿಡಿ ಕತೆಗಳು. ಹೆಚ್ಚಿನವರು ಗುಳಿಗೆಯನ್ನೂ ತೆಗೆದುಕೊಳ್ಳುತ್ತಿದ್ದರು. ಗುಣ ಕಾಣದವರ ಬಗ್ಗೆ ಯಾರು ವರದಿ ಬರೆಯುತ್ತಾರೆ? ಹೋಲಿಸಿ ನೋಡಲು ಕುತ್ತಿಗೆ ಮುಟ್ಟಿಸಿಕೊಳ್ಳದ ಮಕ್ಕಳ ಗುಂಪೂ ಇರಲಿಲ್ಲ. ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾಗಿ ತಿರುವಿ, ಇನ್ನೊಂದಕ್ಕೆ ತಿರುವಿದ ಹಾಗೆ ಮಾಡಿ, ತಿಂಗಳುಗಟ್ಟಲೆ ಎಣಿಸಿ, ಕುತ್ತಿಗೆಯಿಂದಲೇ ಫಿಟ್ಸ್ ಕಡಿಮೆ ಆಯಿತು ಎಂದು ತೋರಿಸಿದ ಗಟ್ಟಿ ಪರೀಕ್ಷೆ ಇವತ್ತಿಗೂ ಇಲ್ಲ.

‘ಇಂಗ್ಲಿಷ್ ಔಷಧದವರು ಹೊಸದನ್ನು ಒಪ್ಪೋದೇ ಇಲ್ಲ ಬಿಡಿ’ ಅಂತ ಒಬ್ಬರು ನನ್ನ ಕೌಂಟರಿನಲ್ಲೇ ವಾದಕ್ಕಿಳಿದರು. ಒಪ್ಪುತ್ತಾರೆ. ಅನ್ನ ರೊಟ್ಟಿ ಬಹುತೇಕ ಬಿಡಿಸಿ, ಬೆಣ್ಣೆ ಎಣ್ಣೆಯಲ್ಲೇ ಹೊಟ್ಟೆ ತುಂಬಿಸುವ ಕೀಟೋಜೆನಿಕ್ ಪಥ್ಯ 1921ರಿಂದ ಇತ್ತು. ವಿಚಿತ್ರವಾಗೇ ಇತ್ತು. 2008ರಲ್ಲಿ ಲಂಡನ್ನಿನಲ್ಲಿ 145 ಮಕ್ಕಳ ಮೇಲೆ ಪರೀಕ್ಷೆ ಮಾಡಿದರು. ಪಥ್ಯದ ಗುಂಪಿನಲ್ಲಿ ನೂರಕ್ಕೆ 38 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಕಡಿಮೆ ಆಯಿತು. ಪಥ್ಯ ಇಲ್ಲದವರಲ್ಲಿ ನೂರಕ್ಕೆ ಆರು ಮಕ್ಕಳಿಗೆ. ಇವತ್ತು ಗುಳಿಗೆ ನಾಟದ ಮಕ್ಕಳಿಗೆ ದೊಡ್ಡಾಸ್ಪತ್ರೆಗಳಲ್ಲೇ ಆ ಪಥ್ಯ ಹೇಳಿಕೊಡುತ್ತಾರೆ.

ಕುತ್ತಿಗೆಯ ಕತೆಗೂ ನಿಜವಾದ ಒಂದು ಎಳೆ ಇದೆ, ಅದನ್ನು ಮುಚ್ಚಿಡಬಾರದು. ವೇಗಸ್ ಎಂಬ ನರ ಮಿದುಳಿನಿಂದ ಕುತ್ತಿಗೆಯ ಪಕ್ಕದಲ್ಲೇ ಇಳಿದು ಎದೆ, ಹೊಟ್ಟೆಗೆ ಹೋಗುತ್ತದೆ. ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಟ್ಟು, ಎಡಗಡೆಯ ವೇಗಸ್ ನರಕ್ಕೆ ತಂತಿ ಸುತ್ತಿ, ಕೆಲವು ನಿಮಿಷಕ್ಕೊಮ್ಮೆ ಸಣ್ಣ ಕರೆಂಟ್ ಕೊಡುವ ಚಿಕಿತ್ಸೆಗೆ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗುಳಿಗೆ ನಾಟದವರಲ್ಲಿ ಕೆಲವರಿಗೆ ಇದರಿಂದ ಫಿಟ್ಸ್ ಇಳಿಯುತ್ತದೆ. ಪೂರ್ತಿ ನಿಲ್ಲುವುದು ಕಡಿಮೆ ಜನಕ್ಕೆ. ಖರ್ಚು ಲಕ್ಷಗಟ್ಟಲೆ. ‘ನೋಡಿ, ಕುತ್ತಿಗೆಯಿಂದ ಫಿಟ್ಸ್ ನಿಲ್ಲಿಸಬಹುದು ಅಂತ ಡಾಕ್ಟರೇ ಒಪ್ಪಿದ್ದಾರೆ’ ಅಂತ ವಿಡಿಯೊದವರು ಇದನ್ನೇ ಎತ್ತಿಕೊಳ್ಳುತ್ತಾರೆ. ನರಕ್ಕೆ ತಂತಿ ಸುತ್ತಿ ದಿನವಿಡೀ ಅಳೆದು ಕರೆಂಟ್ ಕೊಡುವುದೂ, ತಿಂಗಳಿಗೊಮ್ಮೆ ಕತ್ತು ತಿರುವುವುದೂ ಒಂದೇ ಆದರೆ, ಪಂಪ್‌ಸೆಟ್ಟಿಗೆ ಕರೆಂಟ್ ಕೊಡುವುದೂ ಅದಕ್ಕೆ ಒದೆಯುವುದೂ ಒಂದೇ.

ಕುತ್ತಿಗೆಗೂ ಅಪಾಯ ಇದೆ

2024ರಲ್ಲಿ ಬಳ್ಳಾರಿಯ ಯುವಕನೊಬ್ಬನ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಕಟಿಂಗ್ ಆದಮೇಲೆ ತಲೆ ಮಸಾಜ್, ಕೊನೆಗೆ ಕುತ್ತಿಗೆಯ ಲಟಿಗೆ. ಮನೆಗೆ ಬಂದ ಮೇಲೆ ಮಾತು ತೊದಲಿತು, ಒಂದು ಪಕ್ಕ ಸೋತಿತು. ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಗೋಡೆ ಹರಿದು ಪಾರ್ಶ್ವವಾಯು ಆಗಿತ್ತು. ಬದುಕಿಕೊಂಡ, ಸುಧಾರಿಸಲು ತಿಂಗಳುಗಳೇ ಬೇಕಾದವು.

ಇದು ಹೇಗಾಗುತ್ತದೆ ಅಂದರೆ, ಕುತ್ತಿಗೆಯ ಮಣಿಗಳ ಅಕ್ಕಪಕ್ಕ ತೂತುಗಳಿವೆ. ಮಿದುಳಿನ ಹಿಂಭಾಗಕ್ಕೆ ಹೋಗುವ ರಕ್ತನಾಳ ಆ ತೂತುಗಳಲ್ಲಿ ಪೋಣಿಸಿದ ಹಾಗೆ ಮೇಲೇರಿ, ಅಟ್ಲಾಸ್ ಮಣಿಯ ಮೇಲೆ ಸುತ್ತು ಹಾಕಿ ತಲೆಬುರುಡೆಯೊಳಗೆ ನುಗ್ಗುತ್ತದೆ. ರಭಸದಿಂದ ತಿರುವಿದಾಗ ಜಗ್ಗುವುದು ಅದೇ ಸುತ್ತು. ಇಲ್ಲಿ ನ್ಯಾಯವಾಗಿ ಹೇಳಬೇಕು: ನಾಳದ ಗೋಡೆ ಹೀಗೆ ಹರಿಯುವುದು ಅಪರೂಪ. ಕೆನಡಾದ ಒಂಟಾರಿಯೊದಲ್ಲಿ 2008ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಮುಂಚೆ ಕೈರೋಪ್ರಾಕ್ಟರ ಹತ್ತಿರ ಹೋದದ್ದಕ್ಕೂ ಪಾರ್ಶ್ವವಾಯುವಿಗೂ ಎಷ್ಟು ನಂಟು ಕಂಡಿತೋ, ಮಾಮೂಲಿ ಡಾಕ್ಟರ ಹತ್ತಿರ ಹೋದದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ ನಂಟು ಕಂಡಿತು. ಅಂದರೆ ನಾಳ ಮೊದಲೇ ಹರಿದು ಕುತ್ತಿಗೆ ನೋವು ಬಂದವರೇ ಚಿಕಿತ್ಸೆಗೆ ಹೋಗಿರಬಹುದು. 2014ರಲ್ಲಿ ಅಮೆರಿಕದ ಹೃದ್ರೋಗ ಸಂಘ ಎರಡೂ ಕಡೆ ನೋಡಿ, ನಂಟು ಕಾಣುತ್ತದೆ, ತಿರುವಿದ್ದರಿಂದಲೇ ಆಯಿತು ಅಂತ ಸಾಬೀತಾಗಿಲ್ಲ, ಆದರೂ ಜನಕ್ಕೆ ಮೊದಲೇ ತಿಳಿಸಬೇಕು ಅಂತ ಹೇಳಿತು. ಲಾಡ್ಜಿನ ಕ್ಯಾಂಪಿನಲ್ಲಿ ಯಾರಾದರೂ ತಿಳಿಸುತ್ತಾರಾ?

ಫಿಟ್ಸ್ ಇರುವವರ ಕುತ್ತಿಗೆ ಮಾಮೂಲಿ ಕುತ್ತಿಗೆಯೂ ಅಲ್ಲ. ದೊಡ್ಡ ಫಿಟ್ಸ್ ಬಂದು ಹೋದ ಮೇಲೆ ಮೈಯೆಲ್ಲ ಬಡಿದ ಹಾಗೆ ನೋಯುತ್ತದೆ. ಆ ಸೆಳೆತಕ್ಕೆ ಭುಜದ ಕೀಲು ಹಿಂದಕ್ಕೆ ಜಾರಬಹುದು, ಬೆನ್ನಿನ ಮಣಿಯೇ ಕುಸಿದು ಮುರಿಯಬಹುದು. ‘ಕುತ್ತಿಗೆ ನೋವಿದೆ, ಅದಕ್ಕೇ ಫಿಟ್ಸ್’ ಅನ್ನುತ್ತಾರೆ. ಎಷ್ಟೋ ಸಲ ಅದು ತಲೆಕೆಳಗು: ಫಿಟ್ಸ್ ಬಂತು, ಅದಕ್ಕೇ ಕುತ್ತಿಗೆ ನೋವು. ಮೇಲಾಗಿ ಫೆನಿಟಾಯಿನ್, ಫಿನೋಬಾರ್ಬಿಟೋನ್‌ನಂಥ ಹಳೆಯ ಗುಳಿಗೆಗಳನ್ನು ವರ್ಷಗಟ್ಟಲೆ ತಿಂದವರಿಗೆ ಎಲುಬು ಸವೆದಿರುವುದೂ ಉಂಟು. ಅಂಥ ಎಲುಬಿನ ಮೇಲೆ ಬಲ ಹಾಕುವುದು ನನಗಂತೂ ಮೈ ಜುಮ್ ಅನ್ನಿಸುತ್ತದೆ.

ಇಷ್ಟು ಹೇಳಿದರೂ ನನ್ನ ದೊಡ್ಡ ಚಿಂತೆ ಕುತ್ತಿಗೆ ಅಲ್ಲ. ಕುತ್ತಿಗೆ ತಿರುವಿಸಿಕೊಂಡ ಬಹುಪಾಲು ಜನ ಏನೂ ಆಗದೆ ಮನೆಗೆ ಹೋಗುತ್ತಾರೆ. ಹೋಗಿ ಗುಳಿಗೆ ಬಿಡುತ್ತಾರೆ. ಚಿಂತೆ ಅದು.

ಫಿಟ್ಸ್ ಗುಳಿಗೆಯನ್ನು ಒಮ್ಮೆಗೇ ಬಿಟ್ಟರೆ ಅದುಮಿಟ್ಟದ್ದು ಚಿಮ್ಮುತ್ತದೆ. ಒಂದರ ಹಿಂದೆ ಒಂದು ಬಂದು, ನಡುವೆ ಎಚ್ಚರವೇ ಆಗದೆ ಹೋದರೆ ಅದು ಪ್ರಾಣಕ್ಕೆ ಬರುತ್ತದೆ. ಫಿಟ್ಸ್ ಇರುವ ದೊಡ್ಡವರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರು ಏನೂ ಮುನ್ಸೂಚನೆ ಇಲ್ಲದೆ, ಹೆಚ್ಚಾಗಿ ನಿದ್ದೆಯಲ್ಲೇ ತೀರಿಕೊಳ್ಳುತ್ತಾರೆ. ಫಿಟ್ಸ್ ಹತೋಟಿಯಲ್ಲಿ ಇಲ್ಲದವರಿಗೆ ಈ ಅಪಾಯ ಜಾಸ್ತಿ. ನಮ್ಮ ಕಡೆ ಇನ್ನೂ ಎರಡು ಇವೆ, ಒಲೆ ಮತ್ತು ಕಾಲುವೆ. ಎಡದಂಡೆ ಕಾಲುವೆಯ ದಂಡೆ ಮೇಲೆ ಸೈಕಲ್ ಹೊಡೆಯುವ ಹುಡುಗನಿಗೆ ಅರ್ಧ ನಿಮಿಷದ ಫಿಟ್ಸ್ ಸಾಕು.

ಹೊತ್ತು ಕಳೆದುಹೋಗುವುದು ಇನ್ನೊಂದು ನಷ್ಟ. ಮೊದಲು ಕೊಟ್ಟ ಬಗೆಯ ಗುಳಿಗೆಯಲ್ಲೇ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಫಿಟ್ಸ್ ನಿಲ್ಲುತ್ತದೆ. ಸರಿಯಾಗಿ ಪತ್ತೆ ಮಾಡಿ ಚಿಕಿತ್ಸೆ ಕೊಟ್ಟರೆ ನೂರಕ್ಕೆ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸರಿಯಾದ ಎರಡು ಬಗೆಯ ಗುಳಿಗೆ ಕೊಟ್ಟರೂ ನಿಲ್ಲದಿದ್ದರೆ ಅದು ದೊಡ್ಡ ಸೆಂಟರಿಗೆ ಕಳಿಸಬೇಕಾದ ಕೇಸು. ದೆಹಲಿಯ ಏಮ್ಸ್‌ನಲ್ಲಿ ಇಂಥ 116 ಮಕ್ಕಳ ಮೇಲೆ ನಡೆದ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಮಿದುಳಿನ ಆಪರೇಷನ್ ಆದವರಲ್ಲಿ ಒಂದು ವರ್ಷಕ್ಕೆ ನೂರಕ್ಕೆ 77 ಮಕ್ಕಳು ಫಿಟ್ಸ್ ಇಲ್ಲದೆ ಇದ್ದರು. ಬರೀ ಗುಳಿಗೆಯವರಲ್ಲಿ ನೂರಕ್ಕೆ ಏಳು. ಅಂಥ ಮಗುವಿನ ಕುತ್ತಿಗೆಯನ್ನು ನಾಲ್ಕು ವರ್ಷ ಹಿಡಿದುಕೊಂಡು ಕೂತರೆ?

ಇನ್ನು ಕೆಲವರಿಗೆ ಕಾರಣ ತಲೆಯೊಳಗಿನ ಹುಳುವಿನ ಗೂಡು. ಹಂದಿಯ ಲಾಡಿಹುಳುವಿನ ಮೊಟ್ಟೆ ಕೊಳಕು ನೀರು, ತೊಳೆಯದ ಸೊಪ್ಪಿನ ಮೂಲಕ ಹೊಟ್ಟೆಗೆ ಹೋಗಿ, ಮರಿ ಮಿದುಳಿಗೆ ಸೇರುತ್ತದೆ. ಮಾಂಸ ಮುಟ್ಟದವರಿಗೂ ಬರುತ್ತದೆ. ನಮ್ಮ ದೇಶದಲ್ಲಿ ಫಿಟ್ಸ್‌ಗೆ ಇದು ದೊಡ್ಡ ಕಾರಣಗಳಲ್ಲಿ ಒಂದು. ಸ್ಕ್ಯಾನಿನಲ್ಲಿ ಕಾಣುತ್ತದೆ, ಔಷಧ ಇದೆ. ಕುತ್ತಿಗೆ ಮುಟ್ಟಿದರೆ ಗೊತ್ತಾಗುವುದಿಲ್ಲ.

ಜನ ಯಾಕೆ ಹೋಗುತ್ತಾರೆ

ಬೈಯುವುದು ಸುಲಭ. ಆದರೆ ಆ ತಾಯಿಯ ಜಾಗದಲ್ಲಿ ನಿಂತು ನೋಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಆದರೂ ‘ನರದ ಡಾಕ್ಟರು’ ಅಂದರೆ ಜನ ಹೇಳುವುದು ಹುಬ್ಬಳ್ಳಿ, ಇಲ್ಲವೇ ನಿಮ್ಹಾನ್ಸ್. ಹೊಸಪೇಟೆಗೆ ಹೋಗಿ ಹಂಪಿ ಎಕ್ಸ್‌ಪ್ರೆಸ್ ಹಿಡಿದು, ರಾತ್ರಿ ನಿದ್ದೆಗೆಟ್ಟು, ಬೆಳಿಗ್ಗೆ ಸಾಲು. ಫಿಟ್ಸ್ ಇರುವವರಿಗೆ ನಿದ್ದೆಗೇಡೇ ದೊಡ್ಡ ವೈರಿ, ಜಾತ್ರೆ ಮುಗಿದ ವಾರ ನನ್ನ ಅಂಗಡಿಗೆ ಬರುವವರನ್ನು ಕೇಳಿ. ರಾಯಚೂರಿಗೆ ಏಮ್ಸ್ ಕೊಡಿ ಅಂತ 2022ರಿಂದ ಜನ ಧರಣಿ ಕೂತದ್ದು ಸುಮ್ಮನೆ ಅಲ್ಲ. ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಸರ್ವೆಯಲ್ಲಿ ಫಿಟ್ಸ್ ಪೇಟೆಗಿಂತ ಹಳ್ಳಿಗಳಲ್ಲಿ ಎರಡು ಪಟ್ಟು ಇತ್ತು. ಕಾಯಿಲೆ ಇರುವುದು ಹಳ್ಳಿಯಲ್ಲಿ, ಡಾಕ್ಟರು ಇರುವುದು ಪೇಟೆಯಲ್ಲಿ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಶುರುಮಾಡಿತು, ಆಮೇಲೆ ಜಿಲ್ಲಾಸ್ಪತ್ರೆಗಳಿಗೂ ಬ್ರೇನ್ ಹೆಲ್ತ್ ಕ್ಲಿನಿಕ್ ಬಂದವು. ಅಂಥದ್ದೊಂದು ಇದೆ ಅಂತ ನನ್ನ ಗಿರಾಕಿಗಳಲ್ಲಿ ಗೊತ್ತಿರುವವರು ಕಡಿಮೆ.

ಸಾಲಿನ ಕೊನೆಗೆ ಡಾಕ್ಟರ ಎದುರು ಸಿಗುವುದು ಎರಡು ನಿಮಿಷ. ಕುತ್ತಿಗೆಯವನು ಅರ್ಧ ಗಂಟೆ ಕೊಡುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ, ಮುಟ್ಟುತ್ತಾನೆ. ಗುಳಿಗೆಗಳೂ ಸಾಚಾ ಅಲ್ಲ. ಫೆನಿಟಾಯಿನ್‌ಗೆ ವಸಡು ಊದುತ್ತದೆ, ಹುಡುಗಿಯರು ನಗಲು ಹಿಂಜರಿಯುತ್ತಾರೆ. ಲೆವೆಟಿರಾಸಿಟಂಗೆ ಕೆಲವರಿಗೆ ಸಿಟ್ಟು ನೆತ್ತಿಗೇರುತ್ತದೆ. ಬಸುರಿದ್ದಾಗ ವಾಲ್‌ಪ್ರೊಯೇಟ್ ತೆಗೆದುಕೊಂಡರೆ ಕೂಸಿಗೆ ತೊಂದರೆ ಆಗಬಹುದು. ಇವನ್ನೆಲ್ಲ ಡಾಕ್ಟರಿಗೆ ಹೇಳಿದರೆ ಗುಳಿಗೆ ಬದಲಿಸಬಹುದು. ಹೇಳುವುದಕ್ಕೆ ಆ ಎರಡು ನಿಮಿಷ ಸಾಲುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಹೆಸರು. ‘ಮೂರ್ಛೆರೋಗ’ ಅಂದರೆ ಮದುವೆ ಮಾತು ಮುರಿಯುತ್ತದೆ. ಹಿಂದೂ ವಿವಾಹ ಕಾಯಿದೆಯಲ್ಲಿದ್ದ ಎಪಿಲೆಪ್ಸಿ ಅನ್ನುವ ಪದವನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಕಾನೂನಿನಿಂದ ಹೋಯಿತು, ಊರ ಬಾಯಿಂದ ಹೋಗಿಲ್ಲ. ಅದೇ ‘ಕುತ್ತಿಗೆ ಎಲುಬು ಸರಿದಿತ್ತು’ ಅಂದರೆ? ಅದು ಉಳುಕಿನ ಹಾಗೆ. ಮಾನ ಉಳಿಯುತ್ತದೆ. ಕುತ್ತಿಗೆಯವರು ಮಾರುತ್ತಿರುವುದು ಚಿಕಿತ್ಸೆಗಿಂತ ಈ ಹೊಸ ಹೆಸರನ್ನು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಕಾನೂನು ಏನನ್ನುತ್ತದೆ? ಕೆಲವು ರೋಗಗಳನ್ನು ವಾಸಿ ಮಾಡುತ್ತೇವೆ ಅಂತ ಔಷಧ, ತಾಯತ, ಮಂತ್ರಗಳ ಜಾಹೀರಾತು ಕೊಡುವುದನ್ನು ತಡೆಯಲು 1954ರಲ್ಲೇ ಕೇಂದ್ರ ಸರ್ಕಾರ ಕಾಯಿದೆ ಮಾಡಿದೆ. ಆ ಪಟ್ಟಿಯಲ್ಲಿ ಎಪಿಲೆಪ್ಸಿ ಇದೆ. ಆ ಕಾಲದಲ್ಲಿ ಗೋಡೆ ಬರಹ, ಪೇಪರ್ ಜಾಹೀರಾತು ಇದ್ದವು. ಕುತ್ತಿಗೆ ತಿರುವುವ ರೀಲ್ಸ್ ಯಾರ ಕನಸಿನಲ್ಲೂ ಇರಲಿಲ್ಲ. ಭಾರತದಲ್ಲಿ ಕೈರೋಪ್ರಾಕ್ಟರುಗಳಿಗೆ ಅಂತಲೇ ಡಾಕ್ಟರ ಹಾಗೆ ನೋಂದಣಿ ಮಾಡುವ ಕೌನ್ಸಿಲ್ ಕೂಡ ಇಲ್ಲ. ಕ್ಯಾಂಪಿಗೆ ಬಂದವನು ಎಲ್ಲಿ ಕಲಿತ, ಎಷ್ಟು ಕಲಿತ ಅಂತ ಲಾಡ್ಜಿನ ಮ್ಯಾನೇಜರ್ ಕೇಳುವುದಿಲ್ಲ, ಆಧಾರ್ ಕಾರ್ಡ್ ಮಾತ್ರ ಕೇಳುತ್ತಾನೆ.

ಫಿಟ್ಸ್ ಬಂದಾಗ ಏನು ಮಾಡಬೇಕು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಬ್ಬಿಣದ ಕೀಲಿಕೈ, ಚಪ್ಪಲಿ, ಉಳ್ಳಾಗಡ್ಡಿ ಇನ್ನೂ ಹೋಗಿಲ್ಲ. ಅವು ಯಾವುದೂ ಬೇಡ. ಒಂದು ಪಕ್ಕಕ್ಕೆ ಹೊರಳಿಸಿ. ತಲೆ ಕೆಳಗೆ ಮೆತ್ತಗಿನ ಬಟ್ಟೆ ಇಡಿ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108.

ಆ ತಾಯಿಯ ಮಗನಿಗೂ 108 ಬೇಕಾಯಿತು. ಗುಳಿಗೆ ಬಿಟ್ಟ ಮೂರನೇ ತಿಂಗಳು ಒಂದೇ ರಾತ್ರಿ ಎರಡು ಸಲ ಬಂತು, ನಡುವೆ ಎಚ್ಚರ ಆಗಲಿಲ್ಲ. ಕೊಪ್ಪಳದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಹುಡುಗ ಹುಷಾರಾದ.

ವಾರದ ಮೇಲೆ ತಾಯಿ ಮಗ ಇಬ್ಬರೂ ಬಂದರು. ಹುಡುಗನ ಕೈಯಲ್ಲಿ ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರ್ ಇತ್ತು. ಅದರಲ್ಲಿ ತಾಯಿ ಫಿಟ್ಸ್ ಬಂದ ದಿನಕ್ಕೆಲ್ಲ ಕುಂಕುಮದ ಬೊಟ್ಟು ಇಟ್ಟಿದ್ದರು. ಅಮವಾಸ್ಯೆಗೇ ಬರುತ್ತದಾ ಅಂತ ನೋಡಲು ಶುರುಮಾಡಿದ್ದಂತೆ. ಅಮವಾಸ್ಯೆಗೆ ಒಂದೂ ಇರಲಿಲ್ಲ. ಕ್ಯಾಂಪಿಗೆ ಹೋದ ಮೂರು ದಿನಕ್ಕೆ ಹುಡುಗ ಪೆನ್ನಿನಿಂದ ಸುತ್ತು ಹಾಕಿದ್ದ.

‘ಅಂಕಲ್, ಇದರಾಗ ಕುತ್ತಿಗಿಯಿಂದ ನಿಂತಿದ್ದು ಯಾವುದು, ತಾನಾ ನಿಂತಿದ್ದು ಯಾವುದು?’

ಒಂದು ಕ್ಯಾಲೆಂಡರಿನಿಂದ ಅದು ಗೊತ್ತಾಗುವುದಿಲ್ಲಪ್ಪ ಅಂದೆ. ಅವನು ಒಪ್ಪಿದ ಹಾಗೆ ಕಾಣಲಿಲ್ಲ. ತಾಯಿ ಹೊಸ ಚೀಟಿ ಕೊಟ್ಟರು. 300 ಎಂ.ಜಿ. ಎರಡು ಸಲ ಇದ್ದದ್ದು 500 ಆಗಿತ್ತು. ಮೂಲೆಯಲ್ಲಿ ಡಾಕ್ಟರು ತೂಕ ಬರೆದಿದ್ದರು, 51 ಕೆ.ಜಿ. ಹಳೆಯ ಚೀಟಿ ಇಸಿದುಕೊಂಡು ನೋಡಿದೆ. ಅದರ ಮೂಲೆಯಲ್ಲೂ ಇತ್ತು, 34. ಈ ಗುಳಿಗೆಯ ಪ್ರಮಾಣ ತೂಕ ನೋಡಿ ಕೊಡುವಂಥದ್ದು. ಮೂರು ವರ್ಷದಲ್ಲಿ ಹುಡುಗ ನನ್ನ ಭುಜ ದಾಟಿ ಬೆಳೆದಿದ್ದ, ಗುಳಿಗೆ ಬೆಳೆದಿರಲಿಲ್ಲ. ಮೂವತ್ತಾರು ತಿಂಗಳು ಆ ಚೀಟಿ ನನ್ನ ಕೈಯಲ್ಲೇ ಹಾದುಹೋಗಿತ್ತು. ನಾನೂ ನೋಡಿರಲಿಲ್ಲ.

ಕೌಂಟರ್ ಕೆಳಗಿದ್ದ ತೂಕದ ಯಂತ್ರದ ಧೂಳು ಒರೆಸಿ ಈಗ ಬಾಗಿಲ ಹತ್ತಿರ ಇಟ್ಟಿದ್ದೇನೆ.